ಅಣ್ಣನನ್ನು ನೇರವಾಗಿಯೇ ಕೇಳಿ

ಜಗಳೂರಿನಲ್ಲಿರುವ ನಿಮ್ಮ ಅಣ್ಣ ಮೆಕ್ಕೆಜೋಳ ಕೈಕೊಟ್ಟ ಮೇಲೆ "ನಾನಿಲ್ದಿದ್ರೆ ನಿಮಗೇ ಹಗುರ" ಅಂತಿದ್ದಾರೆ, ಸಾವಿನ ಬಗ್ಗೆ ಕೇಳಿದರೆ ನಾವೇ ತಲೆಗೆ ತುಂಬಿದಂತಾಗುತ್ತಾ ಎಂದಿದ್ದೀರಿ. ಖಂಡಿತ ಆಗುವುದಿಲ್ಲ. "ಸಾಯಬೇಕು ಅನ್ನಿಸ್ತಿದೆಯಾ ಅಣ್ಣ?" ಎಂದೇ ಕೇಳಿ. "ಅಂಥದ್ದೇನೂ ಯೋಚಿಸ್ತಿಲ್ಲ ತಾನೆ?" ಅಂದರೆ 'ಇಲ್ಲ' ಎಂಬ ಉತ್ತರವನ್ನು ನೀವೇ ಕೈಗಿಟ್ಟಂತೆ.

ಹೌದು ಎಂದರೆ ಬುದ್ಧಿ ಹೇಳಬೇಡಿ, ಮಕ್ಕಳ ಮೇಲೆ ಆಣೆ ಹಾಕಿಸಬೇಡಿ. ತಾನೇ ಹೊರೆ ಅಂದುಕೊಂಡವರಿಗೆ ಅದು ಇನ್ನೊಂದು ಹೊರೆ. ಹೇಗೆ, ಯಾವಾಗ ಎಂದು ಯೋಚಿಸಿದ್ದಾರಾ, ಹಿಂದೆ ಪ್ರಯತ್ನಿಸಿದ್ದರಾ ಎಂದು ಕೇಳಿ. ಯೋಜನೆ ಇದ್ದರೆ ಒಂಟಿಯಾಗಿ ಬಿಡದೆ ಅಂದೇ ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆಗೆ ಕರೆತನ್ನಿ; ತುರ್ತಾದರೆ 108. ಯಾರಿಗೂ ಹೇಳಲ್ಲ ಎಂದು ಮಾತು ಕೊಡಬೇಡಿ.

ಮನೆಯಲ್ಲಿರುವ ಬೆಳೆ ಔಷಧಿ (ಕೀಟನಾಶಕ) ಇವತ್ತೇ ಬೇರೆಯವರ ಮನೆಗೆ ಹೋಗಲಿ. ಬೀಗ ಹಾಕಿ ಕೀಲಿಯನ್ನು ಅಲ್ಲೇ ಮೊಳೆಗೆ ನೇತುಹಾಕಿದರೆ ಏನೂ ಪ್ರಯೋಜನವಿಲ್ಲ. ಸಾಯಬೇಕೆಂಬ ಆ ತೀವ್ರ ಆವೇಗ ಎಷ್ಟೋ ಸಲ ಸ್ವಲ್ಪ ಹೊತ್ತಿನದು, ಅದನ್ನು ದಾಟಿಸಬೇಕು.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು. ಅಣ್ಣ ಒಪ್ಪದಿದ್ದರೆ ನೀವೇ ಕರೆ ಮಾಡಿ, ಈ ಸಂಜೆಯೇ.