ಹೊಯ್ಸಳರು ಅಷ್ಟು ಬಲವಾಗಿದ್ದೂ ಯಾಕೆ ಬಿದ್ದುಹೋದರು?

ಕಣ್ಣು ತಮಿಳು ನಾಡಿನ ಮೇಲಿತ್ತು, ಮನೆ ಬಾಗಿಲು ತೆರೆದೇ ಇತ್ತು, ಅದಕ್ಕೆ. ಪಾಂಡ್ಯರ ಅಣ್ಣತಮ್ಮಂದಿರು ಪಟ್ಟಕ್ಕಾಗಿ ಕಿತ್ತಾಡುತ್ತಿದ್ದಾಗ ಇದೇ ಸಮಯ ಅಂತ ಹೊಯ್ಸಳ ದೊರೆ ಮೂರನೇ ಬಲ್ಲಾಳ ಸೈನ್ಯ ಕಟ್ಟಿಕೊಂಡು ದಕ್ಷಿಣಕ್ಕೆ ಹೋದ. 1311ರಲ್ಲಿ ದೆಹಲಿ ಸುಲ್ತಾನನ ಸೇನಾಪತಿ ಮಲಿಕ್ ಕಾಫೂರ್ ಹೊಯ್ಸಳರ ರಾಜಧಾನಿ ದೋರಸಮುದ್ರಕ್ಕೆ, ಅಂದರೆ ನಮ್ಮ ಹಾಸನದ ಹಳೇಬೀಡಿಗೆ, ನುಗ್ಗಿದಾಗ ಊರು ಕಾಯೋಕೆ ಸಾಕಷ್ಟು ದಂಡೇ ಇರಲಿಲ್ಲ. ಬಲ್ಲಾಳ ಓಡಿಬಂದು ಆನೆ, ಕುದುರೆ, ಖಜಾನೆ ಕೊಟ್ಟು ಶರಣಾದ.

ಆದರೂ ದಕ್ಷಿಣದ ಆಸೆ ಬಿಡಲಿಲ್ಲ ನೋಡಿ. 1342ರ ಸುಮಾರಿಗೆ, ಎಂಬತ್ತರ ಮುದುಕ, ಮಧುರೆ ಸುಲ್ತಾನನ ಕೋಟೆಯೊಂದನ್ನು ಮುತ್ತಿದ್ದ. ಒಳಗಿದ್ದವರು ಶರಣಾಗೋಕೆ ಸ್ವಲ್ಪ ದಿನ ಕೇಳಿದರು, ಪಾಪ ಕೊಟ್ಟ! ಅಷ್ಟರಲ್ಲಿ ಸುಲ್ತಾನನ ದಂಡು ಮೇಲೆ ಬಿತ್ತು. ಬಲ್ಲಾಳನನ್ನು ಕೊಂದು, ಅವನ ಚರ್ಮಕ್ಕೆ ಹುಲ್ಲು ತುಂಬಿ ಮಧುರೆ ಗೋಡೆಗೆ ನೇತುಹಾಕಿದ್ದನ್ನು ಕಣ್ಣಾರೆ ಕಂಡೆ ಅಂತ ಆ ಕಾಲದ ಮೊರಾಕ್ಕೋ ಪ್ರವಾಸಿ ಇಬ್ನ್ ಬತೂತ ಬರೆದಿದ್ದಾನೆ.