ಹೊಟ್ಟೆಕಿಚ್ಚೋ, ನ್ಯಾಯದ ಮಾತೋ?

ಪ್ರಶ್ನೆ: ಸಾಗರದ ಕಡೆಯವಳು, ವಯಸ್ಸು 27. ನಾನೂ ತಂಗಿಯೂ ಬಿ.ಕಾಂ. ಓದಿದವರು. ಶಿವಮೊಗ್ಗದ ಒಂದೇ ಜವಳಿ ಅಂಗಡಿಗೆ ಸಂದರ್ಶನಕ್ಕೆ ಹೋಗಿದ್ದೆವು. ಅವಳು ನೋಡೋಕೆ ಚೆಂದ, ಕೆಲಸ ಅವಳಿಗೆ ಸಿಕ್ಕಿತು. ಈಗ 'ಯೋಗ್ಯತೆ ಇದ್ದೋರು ಮೇಲೆ ಬರ್ತಾರೆ, ಸರ್ಕಾರ ಪುಕ್ಕಟೆ ಕೊಟ್ಟು ಜನರನ್ನ ಸೋಮಾರಿ ಮಾಡ್ತಿದೆ' ಅಂತಾಳೆ. ಎದುರು ಮಾತಾಡಿದ್ದಕ್ಕೆ 'ಅಕ್ಕಾ, ನಿಂದು ಬರೀ ಹೊಟ್ಟೆಕಿಚ್ಚು' ಅಂದಳು. ಆವತ್ತಿಂದ ಮಾತಿಲ್ಲ. ನನ್ನ ವಿಚಾರವೆಲ್ಲ ಬರೀ ಹೊಟ್ಟೆಕಿಚ್ಚೇನಾ?
— ಹೆಸರು ಬೇಡ

ಉತ್ತರ: ಒಡಹುಟ್ಟಿದವಳ ಬಾಯಲ್ಲಿ ಬಂದ ಮಾತು, ನೋಯದೆ ಇರುತ್ತದೆಯೇ?

ಸಂದರ್ಶನದಲ್ಲಿ ರೂಪಕ್ಕೆ ಬೆಲೆ ಸಿಗುತ್ತದೆ ಎಂಬುದು ನಿಮ್ಮ ಕಲ್ಪನೆಯಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಹ್ಯಾಮರ್‌ಮೆಶ್ ಮತ್ತು ಬಿಡಲ್ 1994ರಲ್ಲೇ ತೋರಿಸಿದ್ದಾರೆ: ಅಲ್ಲಿ ರೂಪ ಕಡಿಮೆ ಎನಿಸಿಕೊಂಡವರ ಸಂಪಾದನೆ ಸಾಧಾರಣ ರೂಪದವರಿಗಿಂತ ಶೇ 5ರಿಂದ 10ರಷ್ಟು ಕಡಿಮೆ. 2014ರಲ್ಲಿ ಬೆಲ್ಮಿ ಮತ್ತು ನೀಲ್ ಎಂಬ ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದರು. ಕೆಲವರಿಗೆ ತಾವು ಚೆಂದ ಕಂಡ ಸಂದರ್ಭವನ್ನೂ, ಉಳಿದವರಿಗೆ ಚೆಂದ ಕಾಣದ ಸಂದರ್ಭವನ್ನೂ ನೆನಪಿಸಿಕೊಳ್ಳಲು ಹೇಳಿದರು. ಚೆಂದ ಕಂಡದ್ದನ್ನು ನೆನೆದವರು ಸಮಾಜದ ಮೇಲು-ಕೀಳನ್ನು ಒಪ್ಪುವ ಕಡೆ ಹೆಚ್ಚು ವಾಲಿದರು. ಯಾರ ಮುಖವೂ ಬದಲಾಗಿರಲಿಲ್ಲ, ಬದಲಾದದ್ದು ತಮ್ಮ ಬಗ್ಗೆ ಆ ಹೊತ್ತಿಗಿದ್ದ ಭಾವನೆ ಮಾತ್ರ. ನನಗೆ ಇದು ಬಹಳ ಮುಖ್ಯವಾಗಿ ಕಾಣುತ್ತದೆ.

ಆದರೆ ಇವೆಲ್ಲ ಗುಂಪಿನ ಲೆಕ್ಕ. ಇದನ್ನು ಹಿಡಿದು 'ನೀನು ಚೆಂದ ಇದ್ದೀಯ, ಅದಕ್ಕೇ ಹೀಗೆ' ಎಂದು ತಂಗಿಗೆ ಹೇಳಿದರೆ, ಅವಳು ಆಡಿದ ಮಾತನ್ನೇ ನೀವೂ ಆಡಿದಂತೆ.

ನಿಮ್ಮಲ್ಲಿ ಚೂರು ಹೊಟ್ಟೆಕಿಚ್ಚು ಇದ್ದರೂ ಇರಬಹುದು. ಇರಲಿ. ನಿಮ್ಮ ತಾಲ್ಲೂಕಿನದೇ ಕಾಗೋಡು ಇದೆಯಲ್ಲ, 1951ರಲ್ಲಿ ಅಲ್ಲಿನ ಗೇಣಿದಾರರು ಎದ್ದು ನಿಂತಿದ್ದು ಗೇಣಿ ಭತ್ತ ಅಳೆಯುವ ಕೊಳಗ ದೊಡ್ಡದು ಎಂದು. ಅವರ ಸಿಟ್ಟು ಹುಟ್ಟಿದ್ದು ಸ್ವಂತ ಸಂಕಟದಿಂದಲೇ. ಹಾಗಂತ ಕೊಳಗದ ಅಳತೆ ಸರಿಯಾಗಿಬಿಡುತ್ತದೆಯೇ? ಮಾತು ಎಲ್ಲಿಂದ ಹುಟ್ಟಿತು ಎನ್ನುವುದು ಬೇರೆ, ಅದು ನಿಜವೋ ಅಲ್ಲವೋ ಎನ್ನುವುದು ಬೇರೆ. ತಂಗಿಯ ಮಾತಿಗೂ ಇದೇ ನ್ಯಾಯ ಸಲ್ಲಬೇಕು.

ಮೊದಲು ನೀವೇ ಮಾತಾಡಿಸಿ. ಸರ್ಕಾರದ ವಿಷಯ ಎತ್ತಬೇಡಿ. ಆ ಸಂದರ್ಶನದ ದಿನ ನಿಮಗೆ ಏನಾಯಿತು ಎಂದು ಹೇಳಿ. ಬಹುಶಃ ಅವಳಿಗೆ ಅದು ಗೊತ್ತೇ ಇಲ್ಲ. ದಿನವಿಡೀ ಅಂಗಡಿಯಲ್ಲಿ ನಿಂತು ದುಡಿಯುವ ಅವಳ ಕಷ್ಟವನ್ನೂ ಕೇಳಿ. ಮನಸ್ಸು ತಿಳಿಯಾದ ಮೇಲೆ ವಾದ ಮಾಡಿ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಬರುವ ಅಕ್ಕಪಕ್ಕದ ಮನೆಗಳಲ್ಲಿ ಯಾರು ಸೋಮಾರಿಯಾದರು, ಯಾರ ಔಷಧಿ ಖರ್ಚು ನೀಗಿತು ಎಂದು ಇಬ್ಬರೂ ಸೇರಿ ವಿಚಾರಿಸಿ.

ಕೆಲಸ ಹುಡುಕುವುದನ್ನು ಬಿಡಬೇಡಿ. ಲಿಖಿತ ಪರೀಕ್ಷೆಯ ಅಂಕ ನೋಡಿ ತೆಗೆದುಕೊಳ್ಳುವ ಬ್ಯಾಂಕು, ಸಹಕಾರ ಸಂಸ್ಥೆಗಳಿಗೆ ಅರ್ಜಿ ಹಾಕಿ. ಉತ್ತರಪತ್ರಿಕೆ ತಿದ್ದುವವರಿಗೆ ನಿಮ್ಮ ಮುಖ ಕಾಣುವುದಿಲ್ಲ.