ಆದಾಯ ಏರಿದೆ ಅಂತೀರಲ್ಲ, ಮೇಕೆ ಎಲ್ಲಿ ಹೋದ್ವು?

ಕೆರೆ, ಹೊಳೆ ಮೇಲ್ಗಡೆಯ ಗುಡ್ಡ, ಗಿಡ ಕಾಪಾಡಿ ಅಂತ ಊರವರಿಗೆ ದುಡ್ಡು ಕೊಡೋ ಸಂಸ್ಥೆಗಳಿಗೆ, "ಮೊದಲು ಇಷ್ಟಿತ್ತು, ಈಗ ಇಷ್ಟಾಗಿದೆ, ಅಂದ್ಮೇಲೆ ಯೋಜನೆ ಸಕ್ಸಸ್ಸು" ಅನ್ನೋ ಲೆಕ್ಕ ನನ್ನ ಹತ್ರ ತರಬೇಡಿ ಅಂತ ಹೋದ ಸಲವೇ ಹೇಳಿದ್ದೆ. ಆದ್ರೂ ಈ ಸಲ ಮೂರು ಜನ ಅದನ್ನೇ ಕಳ್ಸಿದಾರೆ. ಒಬ್ಬರಿಗೆ ಉದ್ದಕ್ಕೇ ಬರೀತೀನಿ, ಉಳಿದಿಬ್ಬರು ಅದರಲ್ಲೇ ತಮ್ಮ ಉತ್ತರ ಹುಡುಕ್ಕೊಳ್ಳಿ. ಜಲಾನಯನ ಅಂದ್ರೆ ಮಳೆನೀರು ಹರಿದು ಒಂದು ಕೆರೆಗೋ ಹೊಳೆಗೋ ಸೇರೋ ಅಷ್ಟೂ ಜಾಗ, ಅಲ್ಲಿ ಗುಡ್ಡ ಬೋಳಾದ್ರೆ ಮಣ್ಣು ಕೊಚ್ಕೊಂಡು ಬಂದು ಕೆಳಗಿನ ಕೆರೇಲಿ ಹೂಳು ತುಂಬುತ್ತೆ. ಇದಕ್ಕಿಂತ ಹೆಚ್ಚಿಗೆ ಹೇಳ್ತಾ ಕೂರಲ್ಲ.

ಪ್ರಶ್ನೆ: ಮೇಡಂ, ಮಾಗಡಿ ಕಡೆ ನಮ್ದೊಂದು ಸಣ್ಣ ಸಂಸ್ಥೆ. ಕೆರೆ ಮೇಲ್ಗಡೆ ಜಮೀನಿರೋ 40 ಮನೆಗಳಿಗೆ, ಗಿಡ ಕಡೀಬೇಡಿ, ಗುಡ್ಡಕ್ಕೆ ಮೇಕೆ ಬಿಡಬೇಡಿ, ಬದು ಸರಿಯಾಗಿಟ್ಕೊಳ್ಳಿ ಅಂತ ಎಕರೆ ಲೆಕ್ಕದಲ್ಲಿ ವರ್ಷಾ ವರ್ಷ ದುಡ್ಡು ಕೊಡ್ತಿದೀವಿ. 2023ರ ಸೆಪ್ಟೆಂಬರಲ್ಲಿ ಒಂದು ಸರ್ವೆ, 2025ರ ಜನವರೀಲಿ ಇನ್ನೊಂದು ಮಾಡಿದ್ವಿ. ಆದಾಯ ಮೂರನೇ ಒಂದು ಭಾಗದಷ್ಟು ಏರಿದೆ. ನಮ್ಮಿಂದ ಬದುಕು ಸುಧಾರಿಸಿದೆ ಅಂತ ರಿಪೋರ್ಟಲ್ಲಿ ಬರೀಬಹುದಾ?

ಉತ್ತರ: ಬರೀಬೇಡಿ.

2023 ಎಂಥಾ ವರ್ಷ ಅಂತ ಇಷ್ಟು ಬೇಗ ಮರೆತೋಯ್ತಾ? ರಾಜ್ಯದ 236 ತಾಲ್ಲೂಕಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿದ ವರ್ಷ ಅದು. ರಾಗಿ ಪೈರು ಒಣಗ್ತಿರೋ ಹೊತ್ತಲ್ಲಿ ಹೋಗಿ ಆದಾಯ ಎಷ್ಟು ಅಂತ ಕೇಳಿದೀರಿ. 2024ರಲ್ಲಿ ಮಳೆ ಚೆನ್ನಾಗಾಯ್ತು, ಎರಡನೇ ಸಲ ನೀವು ಹೋಗಿದ್ದು ಸಂಕ್ರಾಂತಿ ಆಸುಪಾಸಲ್ಲಿ, ಕಣ ಮುಗಿದು ರಾಗಿ ಮನೆಗೆ ಬಂದು ಅವರೆಕಾಯಿ ಮಾರಿ ಕೈಯಲ್ಲಿ ನಾಲ್ಕು ಕಾಸು ಆಡೋ ಟೈಮಲ್ಲಿ. ನೀವು ಒಂದು ಪೈಸೆ ಕೊಡದೇ ಇದ್ದಿದ್ರೂ ಆ ನಂಬರ್ ಏರ್ತಿತ್ತು. ಮಳೆರಾಯನ ಕೆಲಸಕ್ಕೆ ನಿಮ್ಮ ಸಂಸ್ಥೆ ಹೆಸರು ಹಾಕೋಬೇಡಿ.

ಕೇಳಬೇಕಾಗಿದ್ದು ಒಂದೇ. ಇದೇ ಮನೆಗೆ ಇದೇ ಎರಡು ವರ್ಷ ನಿಮ್ಮ ದುಡ್ಡು ಬರದೇ ಇದ್ದಿದ್ರೆ ಅವರು ಹೇಗಿರ್ತಿದ್ರು? ಅದು ಯಾರ ಕಣ್ಣಿಗೂ ಕಾಣಲ್ಲ, ಅದಕ್ಕೇ ಹೋಲಿಕೆಗೆ ಬೇರೆ ಮನೆಗಳು ಬೇಕು. ಹಾಗಂತ ಪಕ್ಕದೂರಲ್ಲಿ ಸಿಕ್ಕಿದ 40 ಮನೆ ಎತ್ಕೊಂಡು ಬಂದ್ರೂ ಆಗಲ್ಲ. ನಿಮ್ಮ ಸ್ಕೀಮಿಗೆ ಮೊದಲು ಬಂದು ಸೈನ್ ಹಾಕಿದವರು ಯಾರು ನೋಡಿ. ಪಹಣಿ ತಮ್ಮ ಹೆಸರಲ್ಲಿರೋರು, ಮಗ ಪೀಣ್ಯದ ಫ್ಯಾಕ್ಟರೀಲಿ ಕೆಲಸಕ್ಕಿರೋರು, ಬರೀ ಬಂಡೆ ಅಂತ ಹೆಂಗಿದ್ರೂ ಉಳದೇ ಬಿಟ್ಟಿರೋ ಜಮೀನಿನವರು. ಇವರು ಬರದೇ ಇದ್ದವರಿಗಿಂತ ಮೊದಲಿಂದಲೂ ಬೇರೆ ಥರ. ಆಮೇಲೆ ಎರಡೂ ಕಡೆ ಆದಾಯದಲ್ಲಿ ವ್ಯತ್ಯಾಸ ಸಿಕ್ತು ಅಂದ್ರೆ ಅದು ನಿಮ್ಮ ದುಡ್ಡಿನದ್ದೋ ಪೀಣ್ಯದ ಸಂಬಳದ್ದೋ ಹೇಗೆ ಹೇಳ್ತೀರಿ?

ಮೆಕ್ಸಿಕೋದಲ್ಲಿ ಸರ್ಕಾರವೇ 2003ರಿಂದ ನೀರಿನ ಮೂಲದ ಕಾಡು ಉಳಿಸ್ಕೊಂಡವರಿಗೆ ದುಡ್ಡು ಕೊಡ್ತಾ ಬಂತು. ಅದನ್ನ ಅಳೆದವರು ಅರ್ಜಿ ಹಾಕಿ ಸಿಕ್ಕಿದವರನ್ನ ಅರ್ಜಿ ಹಾಕಿ ಸಿಗದವರ ಜೊತೆ ಇಟ್ಟು ನೋಡಿದ್ರು. ಇಬ್ಬರಿಗೂ ಸೇರೋ ಮನಸ್ಸಿತ್ತಲ್ಲ, ಹೋಲಿಕೆ ಅಷ್ಟು ಸುಲಭಕ್ಕೆ ತಪ್ಪಲ್ಲ. ಕಾಡು ನಾಶ 40ರಿಂದ 51 ಪರ್ಸೆಂಟ್ ಕಮ್ಮಿಯಾಗಿದೆ ಅಂತ ಬಂತು. ಬಡತನ? ಅಲ್ಲೊಂಚೂರು ಇಲ್ಲೊಂಚೂರು ಇಳಿದಂಗೆ ಕಾಣ್ತು, ಗಟ್ಟಿಯಾಗಿ ಹೇಳೋ ಅಷ್ಟಲ್ಲ. ಉಗಾಂಡಾದಲ್ಲಿ ಇನ್ನೂ ನೇರ, 121 ಹಳ್ಳಿ ತಗೊಂಡು ಲಾಟರಿ ಎತ್ತಿ 60ಕ್ಕೆ ಮಾತ್ರ, ಮರ ಕಡಿಯದಿದ್ರೆ ದುಡ್ಡು ಅನ್ನೋ ಸ್ಕೀಮ್ ಕೊಟ್ರು. ಎರಡು ವರ್ಷದಲ್ಲಿ ದುಡ್ಡು ಸಿಗದ ಕಡೆ ಮರದ ಹೊದಿಕೆ 9.1 ಪರ್ಸೆಂಟ್ ಇಳೀತು, ಸಿಕ್ಕ ಕಡೆ 4.2. ಗಮನಿಸಿ, ದುಡ್ಡು ಕೊಟ್ಟ ಕಡೇನೂ ಇಳಿದಿದೆ! ನಿಮ್ಮ ಥರ ಮೊದಲು-ಆಮೇಲೆ ಅಷ್ಟೇ ನೋಡಿದ್ರೆ ಸ್ಕೀಮ್ ಫೇಲು ಅಂತ ಬರೆದು ಎದ್ದು ಬರ್ತಿದ್ರು.

ಇನ್ನು ಆದಾಯ ಅನ್ನೋ ನಂಬರ್ ಬಗ್ಗೆ. ಕೆಲವು ವರ್ಷದ ಹಿಂದೆ ತುಮಕೂರು ಕಡೆ ಇಂಥದ್ದೇ ಒಂದು ಯೋಜನೆ ನೋಡೋಕೆ ಹೋಗಿದ್ದೆ. ಒಂದು ಮನೆ ಆದಾಯ ಹೆಚ್ಚುಕಮ್ಮಿ ಡಬಲ್ ಆಗಿತ್ತು, ಯಾಕಿರಬಹುದು ಅಂತ ಹುಡುಕ್ಕೊಂಡೇ ಹೋದೆ. ಜಗಲಿ ಮೇಲೆ ಅಜ್ಜಿ ಹುಣಸೆಹಣ್ಣು ಜಜ್ಜಿ ಬೀಜ ತೆಗೀತಾ ಕೂತಿದ್ರು. "ಈ ವರ್ಷ ಚೆನ್ನಾಗ್ ದುಡ್ಡು ಬಂದಿದೆಯಲ್ಲಜ್ಜಿ" ಅಂದೆ. "ಹೂಂ ಕಣವ್ವ, ಗುಡ್ಡಕ್ಕೆ ಬಿಡಂಗಿಲ್ಲ ಅಂದ್ರಲ್ಲ, ಹದಿನಾಲ್ಕು ಮೇಕೆ ಇದ್ವು, ಎಲ್ಲಾ ಸಂತೆಗೆ ಹೊಡೆದ್ವಿ" ಅಂದ್ರು. ಕೊಟ್ಟಿಗೇಲಿ ಗೂಟಗಳು ಹಂಗೇ ಇದ್ವು, ಹಗ್ಗ ಸುತ್ತಿ ಒಂದು ಗೂಟಕ್ಕೆ ನೇತಾಕಿದ್ರು. ನಮ್ಮ ಫಾರಂನಲ್ಲಿ ಆ ಹದಿನಾಲ್ಕು ಮೇಕೆ ದುಡ್ಡು "ಜಾನುವಾರು ಮಾರಾಟ" ಅಂತ ಆದಾಯದ ಕಾಲಮ್ಮಿಗೆ ಹೋಗಿತ್ತು. ಫಾರಂ ಮಾಡಿದವಳು ನಾನೇ, ಯಾರನ್ನ ಬೈಯಲಿ? ಮುಂದಿನ ವರ್ಷ ಮರಿ ಇಲ್ಲ, ಹೊಲಕ್ಕೆ ಗೊಬ್ಬರ ಇಲ್ಲ, ಆಸ್ಪತ್ರೆಗೋ ಫೀಸಿಗೋ ಅಂತ ಥಟ್ಟನೆ ಮಾರೋಕೆ ಏನೂ ಇಲ್ಲ. ನಿಮ್ಮ 40 ಮನೇಲೂ ಮೇಕೆ ಬಿಡಬೇಡಿ ಅನ್ನೋ ಷರತ್ತಿದೆ, ಮೊದಲು ಹೋಗಿ ಮೇಕೆ ಎಣಿಸಿ.

ಮೇಕೆ ಎಣಿಸೋವಾಗ ನಿಮ್ಮ ಪಟ್ಟಿಯಲ್ಲೇ ಇಲ್ಲದ ಮನೆಗಳಿಗೂ ಹೋಗಿ. ಎಕರೆ ಲೆಕ್ಕದಲ್ಲಿ ದುಡ್ಡು ಅಂದ್ಮೇಲೆ ಎಕರೆ ಇಲ್ಲದವರಿಗೆ ಸೊನ್ನೆ, ಆದ್ರೆ ಆ ಗುಡ್ಡದಲ್ಲಿ ಸೌದೆ ಆರಿಸ್ತಿದ್ದೋರು, ಮೇಯಿಸ್ತಿದ್ದೋರು ಜಾಸ್ತಿ ಅವರೇ. ಅವರಿಗೆ ಗುಡ್ಡವೂ ಹೋಯ್ತು, ದುಡ್ಡೂ ಇಲ್ಲ. ಹರಿಯಾಣದ ಸುಖೋಮಾಜ್ರಿಯಲ್ಲಿ 1970ರ ದಶಕದಲ್ಲೇ ಇದಕ್ಕೊಂದು ದಾರಿ ಮಾಡಿದ್ರು. ಚಂಡೀಗಢದ ಸುಖ್ನಾ ಕೆರೆ ಹೂಳು ತುಂಬ್ತಿತ್ತು, ಮೇಲಿನ ಊರವರು ಗುಡ್ಡದಲ್ಲಿ ಮೇಯಿಸೋದು ನಿಲ್ಲಿಸಬೇಕಿತ್ತು, ಬದಲಿಗೆ ಅಲ್ಲೇ ಸಣ್ಣ ಕಟ್ಟೆ ಕಟ್ಟಿ ನೀರು ಕೊಟ್ರು. ಆ ನೀರಲ್ಲಿ ಜಮೀನು ಇದ್ದೋರಿಗೂ ಇಲ್ಲದೋರಿಗೂ ಮನೆಗೊಂದು ಸಮಪಾಲು, ಬೇಡದವರು ತಮ್ಮ ಪಾಲು ಮಾರ್ಕೋಬಹುದಿತ್ತು.

ಈಗೇನ್ ಮಾಡಬೇಕು ಅಂದ್ರೆ, ಎರಡನೇ ಬ್ಯಾಚಿಗೆ ಸೇರಿಸಿ ಅಂತ ಹೆಸರು ಕೊಟ್ಟು ಕಾಯ್ತಿರೋರು ಇದ್ರೆ ಅವರನ್ನ ಹೋಲಿಕೆಗೆ ಇಟ್ಕೊಳ್ಳಿ, ಮುಂದಿನ ಸರ್ವೆ ಎರಡೂ ಕಡೆ ಒಂದೇ ತಿಂಗಳಲ್ಲಿ ಮಾಡಿ. ಆದಾಯ ಒಂದನ್ನೇ ಹಿಡ್ಕೊಂಡು ಕೂರದೆ ಕೈಸಾಲ ಎಷ್ಟಿದೆ, ಚೀಟಿ ಕಟ್ತಿದಾರಾ ನಿಲ್ಸಿದಾರಾ, ಸೌದೆಗೆ ಎಷ್ಟು ದೂರ ಹೋಗ್ತಾರೆ, ನಿಮ್ಮ ದುಡ್ಡು ಯಾರ ಅಕೌಂಟಿಗೆ ಬೀಳುತ್ತೆ ಅಂತ ಕೇಳಿ, ಕೊನೇದನ್ನ ಗಂಡಸರು ಎದುರಿಗಿಲ್ಲದಾಗ ಕೇಳಿ. ಈ ಸಲದ ರಿಪೋರ್ಟಲ್ಲಿ "ಆದಾಯ ಏರಿದೆ, ನಮ್ಮಿಂದ ಅಂತ ಹೇಳಕ್ಕಾಗಲ್ಲ" ಅಂತ ಬರೀರಿ. ದುಡ್ಡು ಕೊಡೋರಿಗೆ ಇಷ್ಟ ಆಗಲ್ಲ, ಗೊತ್ತು. ಹಿಂಗೆ ಬರೆದು ನಂದೂ ಒಂದು ಕೆಲಸ ಹೋಗಿದೆ.

ಪ್ರಶ್ನೆ: ಸ್ಯಾಟಲೈಟ್ ಮ್ಯಾಪಲ್ಲಿ ಹಸಿರು ಜಾಸ್ತಿ ಆಗಿದೆ, ಸಾಕಲ್ವಾ?

ಲಂಟಾನಾ ಕಳೆನೂ ಹಸಿರೇ. ಮನೆ ಒಳಗೆ ಒಲೆ ಮೇಲೆ ಏನಿದೆ ಅಂತ ಸ್ಯಾಟಲೈಟಿಗೆ ಕಾಣಲ್ಲ.

ಪ್ರಶ್ನೆ: ಗಿಡ ನೆಟ್ರೆ ನೀರು ಬಂದೇ ಬರುತ್ತೆ ಅಂತಾರಲ್ಲ?

ಯಾವ ಗಿಡ? ಅರ್ಕಾವತಿ ನದಿ ಬಯಲಲ್ಲಿ ಎಕರೆಗಟ್ಲೆ ನೀಲಗಿರಿ ನೆಟ್ಟಿದ್ದೂ ಗಿಡವೇ ಅಲ್ವಾ, ಅದು ಅಂತರ್ಜಲ ಹೀರುತ್ತೆ ಅಂತಲೇ 2017ರಲ್ಲಿ ಸರ್ಕಾರ ಅದನ್ನ ನೆಡೋದನ್ನ ನಿಷೇಧಿಸ್ತು.

ಪ್ರಶ್ನೆ: ಹಳ್ಳಿಯವರಿಗೆ ಕ್ಯಾಶ್ ಕೊಟ್ರೆ ಕುಡಿದು ಹಾಳ್ಮಾಡ್ತಾರೆ, ವಸ್ತು ಕೊಡೋದೇ ವಾಸಿ ಅಲ್ವಾ?

ಬೊಲಿವಿಯಾದಲ್ಲಿ ಕಾಡು ಉಳಿಸ್ಕೊಂಡವರಿಗೆ ಜೇನುಪೆಟ್ಟಿಗೆ, ಮುಳ್ಳುತಂತಿ ಕೊಟ್ಟಿದಾರೆ, ಅಲ್ಲಿಯವರೇ ಕೂತು ಒಪ್ಪಿದ್ರೆ ಅದೂ ಸರಿ. ಕುಡೀತಾರೆ ಅನ್ನೋದೇ ಕಾರಣ ಆದ್ರೆ ನಿಮ್ಮ ಸಂಬಳಾನೂ ಜೇನುಪೆಟ್ಟಿಗೇಲೇ ತಗೊಳ್ಳಿ.

ಪ್ರಶ್ನೆ: ಪಶ್ಚಿಮ ಘಟ್ಟ ಉಳಿಸೋಕೆ ನೀರಿನ ಬಿಲ್ಲಿಗೆ ಎರಡು ಮೂರು ರೂಪಾಯಿ ಹಸಿರು ಸೆಸ್ ಹಾಕ್ತೀವಿ ಅಂತ 2024ರಲ್ಲಿ ಅರಣ್ಯ ಸಚಿವರು ಹೇಳಿದ್ರಲ್ಲ, ಅದು ಘಟ್ಟದ ರೈತರಿಗೆ ಹೋಗುತ್ತಾ? (ರಾಜಾಜಿನಗರದಿಂದ)

ಆಗ ಹೇಳಿದ್ದರಲ್ಲಿ, ಮಾರೋಕೆ ತಯಾರಿರೋ ರೈತರಿಂದ ಜಮೀನು ಕೊಂಡ್ಕೊಳ್ಳೋ ಮಾತೂ ಇತ್ತು. ಜಮೀನು ಕೊಂಡು ಕಳಿಸೋದು ಬೇರೆ, ಅಲ್ಲೇ ಇದ್ದು ಕಾಡು ನೋಡ್ಕೊಳ್ಳಿ ಅಂತ ವರ್ಷಾ ವರ್ಷ ಕೊಡೋದು ಬೇರೆ. ನಮ್ಮ ಬೆಂಗಳೂರಿನ ನಲ್ಲಿಗೆ ನೂರು ಕಿಲೋಮೀಟರ್ ದೂರದಿಂದ ಕಾವೇರಿ ಬರ್ತಾಳೆ, ಮೂರು ರೂಪಾಯಿ ಕೊಡೋಕೆ ನನಗೇನೂ ತಕರಾರಿಲ್ಲ, ಎಲ್ಲಿಗೆ ಹೋಯ್ತು ಅಂತ ಬಿಲ್ಲಲ್ಲೇ ಒಂದು ಸಾಲು ಹಾಕ್ಲಿ.

ಪ್ರಶ್ನೆ: ಊರಿಗೆ ಕಾರ್ಬನ್ ಕ್ರೆಡಿಟ್ (ಮರಗಳು ಹೀರೋ ಇಂಗಾಲದ ಲೆಕ್ಕ ಹಾಕಿ ಕಂಪನಿಗಳಿಗೆ ಮಾರೋದು) ಏಜೆಂಟ್ ಬಂದಿದ್ದ. 30 ವರ್ಷದ ಅಗ್ರಿಮೆಂಟಂತೆ, ಎಕರೆಗೆ ಲಕ್ಷ ಅಂದ, ಪಹಣಿ, ಆಧಾರ್ ಜೆರಾಕ್ಸ್ ಇಸ್ಕೊಂಡು ಹೋಗಿದಾನೆ. ನಮ್ಮಪ್ಪ ಸೈನ್ ಹಾಕಬೇಕು ಅಂತಿದಾರೆ. ಏನ್ ಮಾಡ್ಲಿ?

ಅಗ್ರಿಮೆಂಟ್ ಕನ್ನಡದಲ್ಲಿ ಕೊಡು ಅಂತ ಕೇಳಿ, ಮುಕ್ಕಾಲು ಪಾಲು ಏಜೆಂಟರು ಅಲ್ಲಿಗೇ ಮಾಯ ಆಗ್ತಾರೆ. ಕೊಟ್ಟರೆ, ಮಧ್ಯದಲ್ಲಿ ಬಿಡೋ ಹಾಗಿದ್ಯಾ, ಬಿಟ್ರೆ ದಂಡ ಎಷ್ಟು ಅನ್ನೋ ಪುಟ ಗೊತ್ತಿರೋ ವಕೀಲರ ಕೈಲಿ ಓದಿಸಿ. ಅಲ್ಲೀವರೆಗೂ ಅಪ್ಪನ ಪೆನ್ನು ಬಚ್ಚಿಡಿ.